ಮಳೆಗಾಲಕ್ಕೆ ಕಾದ ನಕ್ಷೆ

ನಮ್ಮ ಮೇಡಂ ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಮೈಮೇಲೆ ಗಂಜಿ ಹಾಕಿದ ಹತ್ತಿ ಸೀರೆ, ಹಣೆಗೆ ಕುಂಕುಮ. ಕಾಲಿನ ಕಡೆ ಕಣ್ಣು ಹಾಯಿಸಿದರೆ ದಿಲ್ಲಿಯ ಕರೋಲ್ ಬಾಗಿನ ರಸ್ತೆಬದಿ ಅಂಗಡಿಯಲ್ಲಿ ಕೊಂಡ, ಯಾವುದೋ ಕಾಲದಲ್ಲಿ ಬಿಳಿಯಾಗಿದ್ದ ಬೂಟು. ಎಡಗೈಯಲ್ಲಿ ಸೀರೆಯ ನೆರಿಗೆಯನ್ನು ಒಂದು ಗೇಣು ಎತ್ತಿ ಹಿಡಿದು, ಸುತ್ತಿದ ನಕ್ಷೆಯನ್ನು ಬಲ ಕಂಕುಳಿಗೆ ಒತ್ತಿಕೊಂಡು, ದಾಪುಗಾಲು ಹಾಕುತ್ತಾ ಹೊಲಕ್ಕೆ ಇಳಿದುಬಿಡುತ್ತಿದ್ದರು. ಹರಿಯಾಣದ ಹಳ್ಳಿ ಹೆಂಗಸರು ಘೂಂಘಟ್ ಮುಸುಕಿನೊಳಗೇ ಕಿಸಿಕಿಸಿ ನಗುತ್ತಿದ್ದರು. "ನಗಲಿ ಬಿಡಿ ಯಜಮಾನ್ರೇ, ನಕ್ಕೋರು ಆಮೇಲೆ ಮಾತೂ ಆಡ್ತಾರೆ" ಅನ್ನುತ್ತಿದ್ದರು ಮೇಡಂ.

ಯಜಮಾನ್ರು ಅಂದರೆ ನಾನೇ, ಅವರ ಜೀಪಿನ ಡ್ರೈವರು. ಆಫೀಸಿನಲ್ಲಿ ಉಳಿದವರೆಲ್ಲ ನನ್ನನ್ನು "ಡ್ರೈವರ್ ಸಾಬ್" ಅಂದರೆ ಇವರೊಬ್ಬರು ಮಾತ್ರ ನಮ್ಮ ಕಡೆ ಮನೆಗೆ ದೊಡ್ಡವರನ್ನು ಕರೆಯುವ ಹಾಗೆ ಕರೆಯುತ್ತಿದ್ದರು. ನಾನು ತುಮಕೂರು ಕಡೆಯವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕನ್ನಡ ಓದಲು ಬರೆಯಲು ಬರುತ್ತದೆ, ಕಾಗುಣಿತ ಅಲ್ಲಲ್ಲಿ ಕೈಕೊಡುತ್ತದೆ. ಬರೆಯುವುದು ನನ್ನ ಕಸುಬಲ್ಲ. ಆದರೆ ಹೋದ ವಾರದಿಂದ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಅದಕ್ಕೆ ಕಾರಣ ನನ್ನ ಮೊಮ್ಮಗಳು, ಅವಳಿಗಿಂತ ಹಿಂದೆ ಈ ಮೇಡಂ. ಮೊಮ್ಮಗಳ ವಿಷಯ ಶುರು ಮಾಡಿದರೆ ನಾನು ನಿಲ್ಲಿಸುವವನಲ್ಲ. ಆದ್ದರಿಂದ ಮೇಡಂ ಮೊದಲು.

ದಿಲ್ಲಿಯ ಸುತ್ತಲಿನ ಜಿಲ್ಲೆಗಳಿಗೆ ಯೋಜನೆ ಮಾಡಿಕೊಡುವ ಸರ್ಕಾರಿ ಆಫೀಸು ನಮ್ಮದು. ಮೇಡಂ ಮೈಸೂರಿನವರು, ಈ ಆಫೀಸಿನಲ್ಲಿ ದೊಡ್ಡ ಪ್ಲಾನಿಂಗ್ ಅಧಿಕಾರಿ. ಮದುವೆಯಾಗಿರಲಿಲ್ಲ. ಲೋಧಿ ಕಾಲೋನಿಯ ಹಳೇ ಸರ್ಕಾರಿ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತು. ಗುಡಗಾಂವಿನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅದರಾಚೆ ಸಾಸಿವೆ, ಗೋಧಿ ಬೆಳೆಯುವ ಹಳ್ಳಿಗಳ ಒಂದು ಜಿಲ್ಲೆಗೆ ಡೆವಲಪ್‌ಮೆಂಟ್ ಪ್ಲ್ಯಾನ್ ಮಾಡುವ ಕೆಲಸ ಇವರಿಗೆ ಬಂತು. ಸ್ಟೇರಿಂಗು ನನ್ನ ಕೈಗೆ ಬಂತು.

ಪ್ಲ್ಯಾನ್ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಮೊದಲ ದಿನವೇ ಕೇಳಿದೆ. ಮೇಡಂ ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿ, ಹಾರದಿರಲಿ ಅಂತ ನನ್ನ ಊಟದ ಡಬ್ಬಿಯನ್ನು ಒಂದು ಮೂಲೆಗೆ ಇಟ್ಟು ಹೇಳಿದರು. "ನೋಡಿ, ಹಳದಿ ಬಣ್ಣ ಮನೆಗೆ. ನೇರಳೆ ಕಾರ್ಖಾನೆಗೆ. ಹಸಿರು ಹೊಲ, ಮೈದಾನ. ತಿಳಿನೀಲಿ ನೀರು. ಇನ್ನು ಇಪ್ಪತ್ತು ವರ್ಷ ಎಲ್ಲೆಲ್ಲಿ ಏನೇನು ಬರಬೇಕು, ಏನು ಬರಬಾರದು ಅನ್ನೋದು ಇದರಲ್ಲಿ ಇರುತ್ತೆ. ನಾಳೆ ಯಾರೋ ಬಂದು ಇಲ್ಲಿ ಕಾಲೋನಿ ಮಾಡ್ತೀನಿ, ಪರ್ಮಿಷನ್ ಕೊಡಿ ಅಂತಾರೆ. ಆವಾಗ ಅವರ ಮುಖ ನೋಡೋದಲ್ಲ, ಇದನ್ನ ನೋಡೋದು."

"ಬಣ್ಣ ಹಚ್ಚೋರು ನೀವೇ ಅಲ್ವಾ ಮೇಡಂ? ಬೇಕಾದ ಬಣ್ಣ ಹಚ್ಚಬಹುದಲ್ಲ?" ಅಂದೆ.

"ಅದಕ್ಕೇ ಹಚ್ಚೋ ಮುಂಚೆ ಭಯ ಇರಬೇಕು. ಹಚ್ಚಿ, ಊರಿಗೆಲ್ಲ ತೋರಿಸಿ, ತಕರಾರು ಕೇಳಿ, ಸರ್ಕಾರ ಒಪ್ಪಿದ ಮೇಲೆ ನಾನೂ ಅಷ್ಟೇ, ನೀವೂ ಅಷ್ಟೇ. ಅದರಲ್ಲಿ ಏನಿದೆಯೋ ಅದು."

ಅವರ ಒಂದು ಪದ್ಧತಿಗೆ ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ಯಾವ ಹಳ್ಳಿಯ ನಕ್ಷೆಯಾದರೂ ಸರಿ, ಬೇಸಿಗೆಯಲ್ಲಿ ಒಂದು ಸಲ, ಮಳೆ ಬಿದ್ದ ಮೇಲೆ ಒಂದು ಸಲ ಹೋಗಿ ನಿಂತು ನೋಡದೆ ಅವರು ಸಹಿ ಹಾಕುತ್ತಿರಲಿಲ್ಲ. ಬೇರೆ ಅಧಿಕಾರಿಗಳು ಸರ್ವೇ ತಂಡದ ಕಾಗದ ನೋಡಿ ಮೇಜಿನ ಮೇಲೇ ಬಣ್ಣ ಮುಗಿಸುತ್ತಿದ್ದರು. "ಮೇಡಂ ಫೈಲ್ ಮೋಡ ನೋಡಿ ಓಡುತ್ತೆ" ಅಂತ ಕ್ಯಾಂಟೀನಿನಲ್ಲಿ ತಮಾಷೆ. ಮೇಲಿನವರು ಕರೆದು ಬೇಗ ಮುಗಿಸಿ ಅಂತ ಹೇಳಿದರೆ, ಇವರು "ಹೂಂ ಸರ್" ಅಂದು ಹೊರಗೆ ಬಂದು ನನ್ನನ್ನು ಕೇಳುತ್ತಿದ್ದರು: "ಈ ಸಲ ಮುಂಗಾರು ದಿಲ್ಲಿಗೆ ಯಾವಾಗಂತೆ ಯಜಮಾನ್ರೇ?"

ಇನ್ನು ನನ್ನ ವಿಷಯ. ರಿಟೈರ್ ಆಗಲು ಕೆಲವೇ ವರ್ಷ ಉಳಿದಿತ್ತು. ರಿಟೈರ್ ಆದರೆ ಕ್ವಾರ್ಟರ್ಸ್ ಬಿಡಬೇಕು. ಮಗ ಗುಡಗಾಂವಿನ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಿದ್ದ. ಅವನಿಗೆ ಹೆಣ್ಣು ನೋಡುತ್ತಿದ್ದೆವು. ಹೆಣ್ಣಿನವರು ಮೊದಲು ಕೇಳುತ್ತಿದ್ದುದೇ "ಸ್ವಂತ ಮನೆ ಇದೆಯಾ?" ಅಂತ. ಊರಿಗೆ ಹಿಂತಿರುಗೋಣ ಅಂದರೆ ಮಗನಿಗೆ ಅಲ್ಲಿ ಏನೂ ಇರಲಿಲ್ಲ. ಹುಟ್ಟಿದ್ದು ಬೆಳೆದದ್ದು ಇಲ್ಲೇ. ನನ್ನ ಹೆಂಡತಿಯದು ಹಗಲಿರುಳೂ ಒಂದೇ ಮಾತು: "ಇಷ್ಟು ವರ್ಷ ಸರ್ಕಾರಿ ಗೋಡೆಗೆ ಸುಣ್ಣ ಬಳಿದೆ. ಸಾಯೋದರೊಳಗೆ ನಂದೇ ಒಂದು ಗೋಡೆ ಬೇಕು."

ಆಗ ಸಿಕ್ಕಿದವನು ಒಬ್ಬ ಪ್ಲಾಟಿನ ದಲ್ಲಾಳಿ. ಅದೇ ಜಿಲ್ಲೆಯ ಒಂದು ಹಳ್ಳಿಯ ಪಕ್ಕದಲ್ಲಿ ದೊಡ್ಡ ಬಯಲಿಗೆ ಸುಣ್ಣದ ಗೆರೆ ಎಳೆದು, ಗೂಟ ಬಡಿದು, ನಮ್ಮಂಥವರಿಗೆ ಸೈಟು ತೋರಿಸುತ್ತಿದ್ದ. "ಸರ್ಕಾರಿ ಕರಡು ನಕ್ಷೆಯಲ್ಲೇ ಹಳದಿ ಇದೆ ಭಾಯಿಸಾಬ್. ಪರ್ಮಿಷನ್ ಬಂದ ಹಾಗೇ ಲೆಕ್ಕ" ಅಂದ. ಎಲ್ಲಿಂದ ತಿಳಿದುಕೊಂಡನೋ, ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಆಫೀಸಿನ ಕರಡಿನಲ್ಲೇ ಆ ಬಯಲು ಹಳದಿಯಾಗಿತ್ತು. ಸರ್ವೇಯವರು ಖಾಲಿ ಜಾಗ ಅಂತ ಬರೆದುಕೊಂಡು ಬಂದಿದ್ದರು. ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದುದನ್ನು ನಾನೂ ಕಣ್ಣಾರೆ ನೋಡಿದ್ದೆ. ನಮ್ಮವಳನ್ನು ಭಾನುವಾರ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಗೂಟಗಳ ನಡುವೆ ನಿಂತು, "ಇಲ್ಲಿ ಒಲೆ, ಇಲ್ಲಿ ತುಳಸಿಕಟ್ಟೆ" ಅಂತ ಕೈ ತೋರಿಸಿ, ಅಲ್ಲೇ ಕಣ್ಣು ಒರೆಸಿಕೊಂಡಳು.

ಅದಾದ ವಾರವೇ ಮೇಡಂ ಜೊತೆ ಅದೇ ಹಳ್ಳಿಗೆ ಹೋಗಬೇಕಾಯಿತು. ಜೂನ್ ತಿಂಗಳ ಬಿಸಿಲು. ಸ್ಟೇರಿಂಗು ಮುಟ್ಟಿದರೆ ಕೈ ಸುಡುತ್ತಿತ್ತು. ಚೌಪಾಲಿನಲ್ಲಿ, ಅಂದರೆ ಊರ ಕಟ್ಟೆಯಲ್ಲಿ, ಗಂಡಸರು ಮಂಚದ ಮೇಲೆ ಹುಕ್ಕಾ ಇಟ್ಟುಕೊಂಡು ಕೂತಿದ್ದರು. ಪಂಚಾಯಿತಿಯ ಮುಖ್ಯಸ್ಥ ಸರ್ಪಂಚ ಹೇಳಿದ: "ಖಾಲಿ ಜಾಗ ಜೀ. ಕಾಲೋನಿ ಬಂದರೆ ಊರು ಉದ್ಧಾರ." ಎಲ್ಲರೂ ತಲೆಯಾಡಿಸಿದರು. ಮೇಡಂ ಲಸ್ಸಿ ಕುಡಿದು, ಎದ್ದು, ನೆರಿಗೆ ಎತ್ತಿ ಹಿಡಿದು ಆ ಬಯಲಿಗೆ ಇಳಿದರು. ನಾನು ಹಿಂದೆ. ಒಂದು ಅಂಚಿನಲ್ಲಿ ಹೋಗಿ ನಿಂತುಬಿಟ್ಟರು. ಅಲ್ಲಿ ಹಳೇ ಇಟ್ಟಿಗೆಯ ಮೆಟ್ಟಿಲುಗಳು, ಅರ್ಧ ಮಣ್ಣಿನಲ್ಲಿ ಹೂತಿದ್ದವು.

"ಯಜಮಾನ್ರೇ, ಖಾಲಿ ಜಾಗಕ್ಕೆ ಇಳಿಯೋಕೆ ಮೆಟ್ಟಿಲು ಯಾಕೆ?"

ನಾನು ದಲ್ಲಾಳಿಯ ಗೂಟಗಳ ಕಡೆ ನೋಡಿದೆ.

ಸ್ವಲ್ಪ ದೂರದಲ್ಲಿ ಹೆಂಗಸರು ಬೆರಣಿ ತಟ್ಟುತ್ತಿದ್ದರು. ಚೌಪಾಲಿಗೆ ಅವರು ಬರುವ ಹಾಗಿಲ್ಲ. ಹಿರಿಯ ಗಂಡಸರ ಎದುರು ಮುಸುಕು ತೆಗೆಯುವ ಹಾಗೂ ಇಲ್ಲ. ಮೇಡಂ ಹೋಗಿ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಮೇಡಂ ಅವರದು ಪುಸ್ತಕದ ಹಿಂದಿ, ಅಲ್ಲಿಯವರದು ಅಪ್ಪಟ ಹರಿಯಾಣವಿ. ನಡುವೆ ನಾನು ದುಭಾಷಿ.

ಒಬ್ಬ ಮುದುಕಿ ಮೇಡಂ ಬೂಟನ್ನೇ ನೋಡುತ್ತಾ ಕೇಳಿದಳು: "ಗಂಡನ ಬೂಟು ಹಾಕ್ಕೊಂಡು ಬಂದ್ಯೇನೇ ಮಗಳೇ? ಪಾಪ, ಅವನು ಬರಿಗಾಲಲ್ಲಿ ಆಫೀಸಿಗೆ ಹೋದನಾ?"

ನಾನು ಅನುವಾದ ಮಾಡಲು ಹಿಂದೆಮುಂದೆ ನೋಡಿದೆ. ಮೇಡಂಗೆ ಅರ್ಥವಾಗಿಬಿಟ್ಟಿತ್ತು. "ಗಂಡ ಇಲ್ಲ ತಾಯಿ, ಬೂಟು ಮಾತ್ರ ಸಿಕ್ತು" ಅಂದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಮಾತು ಬಂತು. ಅದು ಜೋಹಡ್ ಅಂತೆ, ಅಂದರೆ ಊರ ಕೆರೆ. ಮೂರು ವರ್ಷದಿಂದ ಮಳೆ ಸರಿಯಾಗಿಲ್ಲ, ಅದಕ್ಕೇ ಒಣಗಿದೆ. "ಒಳ್ಳೇ ಸಾವನ್ ಮಳೆ ಬರಲಿ, ನಿನ್ನ ಜೀಪು ಮುಳುಗಿಸಿ ತೋರಿಸ್ತೀನಿ" ಅಂದಳು ಮುದುಕಿ. ಒಬ್ಬ ಸಣ್ಣ ವಯಸ್ಸಿನ ಸೊಸೆ ಮುಸುಕಿನೊಳಗಿಂದಲೇ ಎದುರು ಹೇಳಿದಳು: "ಮುಚ್ಚಲಿ ಬಿಡಿ. ನೀರು ಬಂದರೆ ಸೊಳ್ಳೆ, ಕೆಸರು. ಕಾಲೋನಿ ಬಂದರೆ ಅಂಗಡಿಯಾದ್ರೂ ಬರುತ್ತೆ." ಮೇಡಂ ಎರಡನ್ನೂ ಕೇಳಿಸಿಕೊಂಡರು. 

ವಾಪಸು ಬರುವಾಗ ನಾನು ತಡೆಯಲಾರದೆ ಹೇಳಿದೆ: "ಮೇಡಂ, ಆ ಗೂಟ ಹೊಡೆದಿರೋದರಲ್ಲಿ ನಾನೂ ಒಂದು ಸೈಟು ನೋಡಿದ್ದೀನಿ. ನಾಡಿದ್ದು ಮುಂಗಡ ಕೊಡಬೇಕು."

ಮೇಡಂ ತೊಡೆಯ ಮೇಲಿದ್ದ ನಕ್ಷೆಯನ್ನು ಸುತ್ತಿಟ್ಟರು. ಆಮೇಲೆ ಹೇಳಿದರು. "ನೀವು ಹೇಳಿದ್ದು ಒಳ್ಳೇದಾಯ್ತು. ಆದರೆ ಒಂದು ತಿಳ್ಕೊಳ್ಳಿ. ನಿಮಗೋಸ್ಕರ ನಾನು ಆ ಹಳದೀನ ಉಳಿಸೋದೂ ಇಲ್ಲ, ಅಳಿಸೋದೂ ಇಲ್ಲ. ಮಳೆ ಬರಲಿ. ಆಗೋದಾದ್ರೆ ಮುಂಗಡ ಅಲ್ಲಿವರೆಗೆ ತಡೀರಿ."

ಮನೆಯಲ್ಲಿ ಹೇಳಿದೆ. ನಮ್ಮವಳು ಸೌಟು ಕುಕ್ಕಿದಳು. "ನಿಮ್ಮ ಮೇಡಂಗೇನು? ಹಿಂದಿಲ್ಲ, ಮುಂದಿಲ್ಲ. ನಮಗೆ ಮಗ ಇದಾನೆ. ಆ ದಲ್ಲಾಳಿ ಬೇರೆಯವರಿಗೆ ಕೊಟ್ಟುಬಿಟ್ಟರೆ ಮಳೇನೇ ಕುಡ್ಕೊಂಡು ಇರೋಣ." ದಲ್ಲಾಳಿಯೂ ದಿನ ಬಿಟ್ಟು ದಿನ ಫೋನು ಮಾಡಿದ. ನಾನು ಒಂದೊಂದು ನೆಪ ಹೇಳಿದೆ. ಜುಲೈ ಪೂರ್ತಿ ಬಿಸಿಲು. ಬೆಳಿಗ್ಗೆ ಎದ್ದ ಕೂಡಲೆ ನಾನು ಆಕಾಶ ನೋಡುವುದು, ಹೆಂಡತಿ ನನ್ನ ಮುಖ ನೋಡುವುದು.

ಆಗಸ್ಟಿನಲ್ಲಿ ಮಳೆ ಬಂತು. ಬಂತು ಅಂದರೆ ಸಾಮಾನ್ಯ ಮಳೆಯಲ್ಲ. ದಿಲ್ಲಿಯಲ್ಲಿ ಸೇತುವೆ ಕೆಳಗೆಲ್ಲ ಬಸ್ಸು ನಿಂತುಹೋದವು. ಮಳೆ ನಿಂತ ಮಾರನೇ ದಿನ ಬೆಳಿಗ್ಗೆಯೇ ಮೇಡಂ ಜೀಪು ಹತ್ತಿದರು. ಹಳ್ಳಿ ಇನ್ನೂ ದೂರವಿರುವಾಗಲೇ ದಾರಿ ಕೆಸರಾಗಿ ಗಾಡಿ ಹೂತಿತು. ಇಳಿದು ನಡೆದೆವು.

ಬಯಲು ಇರಲಿಲ್ಲ. ಅಲ್ಲಿ ನೀರು ಇತ್ತು. ಇಟ್ಟಿಗೆ ಮೆಟ್ಟಿಲುಗಳಲ್ಲಿ ಮೇಲಿನ ಎರಡು ಮಾತ್ರ ಕಾಣುತ್ತಿದ್ದವು. ದಲ್ಲಾಳಿಯ ಗೂಟಗಳು ಕಿತ್ತುಬಂದು ದಡಕ್ಕೆ ಸೇರಿದ್ದವು. ಊರಿನ ಎಮ್ಮೆಗಳೆಲ್ಲ ಕತ್ತಿನವರೆಗೆ ಮುಳುಗಿ, ಕಣ್ಣು ಅರ್ಧ ಮುಚ್ಚಿಕೊಂಡು ಸುಖವಾಗಿದ್ದವು. ಹೆಂಗಸರು ನಮ್ಮನ್ನು ನೋಡಿ ದೂರದಿಂದಲೇ ಕೂಗಿದರು: "ಜೀಪು ಎಲ್ಲಿ, ಬೂಟಿನವಳೇ?"

ಮೇಡಂ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು: "ನಿಮ್ಮ ಸೈಟು ಯಾವುದು ಯಜಮಾನ್ರೇ?"

"ಅಗೋ, ಕೊಂಬು ಮುರಿದ ಎಮ್ಮೆ ಇದೆಯಲ್ಲ ಮೇಡಂ, ಅಲ್ಲಿ."

"ಅದು ಇರೋದು ಹಜಾರದಲ್ಲೋ, ಅಡುಗೆಮನೇಲೋ?"

"ನಮ್ಮವಳ ಲೆಕ್ಕದಲ್ಲಿ ತುಳಸಿಕಟ್ಟೆ ಮೇಲೆ."

ಮೇಡಂ ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೆ ಅಳು ಬಂತು. ಅವರು ನೋಡದವರ ಹಾಗೆ ನೀರಿನ ಅಂಚು ಎಲ್ಲಿಯವರೆಗೆ ಬಂದಿದೆ ಅಂತ ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಮುಂದೆ ಹೋದರು. ಊರನ್ನು ಪೂರ್ತಿ ಸುತ್ತಿದೆವು. ಊರಿನ ಆ ಕಡೆ, ಮರಳು ಮಿಶ್ರಿತ ದಿಣ್ಣೆ. ಅಷ್ಟು ಮಳೆ ಬಿದ್ದರೂ ಅಲ್ಲಿ ಕಾಲಿಗೆ ಕೆಸರು ಅಂಟಲಿಲ್ಲ.

ನಕ್ಷೆ ಬದಲಾಯಿತು. ಕೆರೆ ತಿಳಿನೀಲಿಯಾಯಿತು, ಸುತ್ತ ಹಸಿರು ಪಟ್ಟಿ ಬಂತು. ಹಳದಿ ಹೋಗಿ ದಿಣ್ಣೆಯ ಮೇಲೆ ಕೂತಿತು. ಅದರ ಪಕ್ಕದಲ್ಲಿ ಶಾಲೆಗೆ ಜಾಗ, ಅದಕ್ಕೆ ಅಂಟಿಕೊಂಡು ಹಸಿರು ಮೈದಾನ, ಮಕ್ಕಳು ದೊಡ್ಡ ರಸ್ತೆ ದಾಟದ ಹಾಗೆ. ಆ ಸೊಸೆ ಕೇಳಿದ್ದ ಅಂಗಡಿಗಳಿಗೂ ಅಲ್ಲೇ ಒಂದು ಸಾಲು. ತಕರಾರು ಕೇಳುವ ದಿನ ಸರ್ಪಂಚ ಕೂಗಾಡಿದ. ದಲ್ಲಾಳಿ ದೊಡ್ಡವರಿಂದ ಫೋನು ಮಾಡಿಸಿದ. ಮೇಡಂ ಎಲ್ಲರಿಗೂ ಒಂದೇ ಮಾತು: "ಬನ್ನಿ, ಸಾವನ್‌ನಲ್ಲಿ ಅಲ್ಲಿ ನಿಂತು ಮಾತಾಡೋಣ." ಯಾರೂ ಬರಲಿಲ್ಲ. ಮುಂದೆ ಪ್ಲ್ಯಾನ್ ಮಂಜೂರಾದ ಮೇಲೆ ದಲ್ಲಾಳಿಯ ಅರ್ಜಿ ಒಂದೇ ಸಾಲಿನಲ್ಲಿ ವಾಪಸಾಯಿತು: ಪ್ಲ್ಯಾನಿನಲ್ಲಿ ಅದು ನೀರಿನ ಜಾಗ. ಹಾಗೆಯೇ, ಕೂಗಾಡಿದ ಸರ್ಪಂಚ ಅಂಗಡಿ ಸಾಲಿನಲ್ಲಿ ಹಿಟ್ಟಿನ ಗಿರಣಿಗೆ ಕೇಳಿದಾಗ, ಅದೂ ಒಂದೇ ಸಾಲಿನಲ್ಲಿ ಮಂಜೂರಾಯಿತು. ನನಗೆ ಹೊಟ್ಟೆ ಉರಿಯಿತು. "ಅಷ್ಟೆಲ್ಲ ಬೈದನಲ್ಲ ಮೇಡಂ, ಸ್ವಲ್ಪ ಅಲೆದಾಡಿಸಬೇಕಿತ್ತು" ಅಂದೆ.

"ಬೈದದ್ದು ನನ್ನ. ಗಿರಣಿಗೆ ಜಾಗ ಇರೋದು ಪ್ಲ್ಯಾನಿನಲ್ಲಿ. ನಾನು ಇವತ್ತಿರ್ತೀನಿ, ನಾಳೆ ಹೋಗ್ತೀನಿ."

ಇದಕ್ಕೆಲ್ಲ ಮುಂಚೆ, ಹೊಸ ನಕ್ಷೆ ಇನ್ನೂ ಆಫೀಸಿನೊಳಗೇ ಇದ್ದಾಗ, ನನಗೊಂದು ಯೋಚನೆ ಬಂದಿತ್ತು. ದಿಣ್ಣೆ ಹಳದಿಯಾಗುತ್ತದೆ ಅಂತ ಆಗ ಗೊತ್ತಿದ್ದುದು ಮೇಡಂಗೆ, ಆಫೀಸಿನ ಒಂದಿಬ್ಬರಿಗೆ, ನನಗೆ. ಈಗಲೇ ಕೊಂಡರೆ ಅಗ್ಗ. ಮೇಡಂ ಮುಂದೆ ಅದನ್ನೂ ಬಾಯಿಬಿಟ್ಟೆ. ಅವರು ಜೀಪು ನಿಲ್ಲಿಸಲು ಹೇಳಿದರು. ಹಾಗೆ ಗಟ್ಟಿ ದನಿ ನಾನು ಅದೊಂದೇ ಸಲ ಕೇಳಿದ್ದು.

"ನಕ್ಷೆ ಬ್ಲಾಕ್ ಆಫೀಸಿನ ಗೋಡೆಗೆ ಅಂಟಿಸೋವರೆಗೆ ನೀವು ಆ ಕಡೆ ತಿರುಗಿ ನೋಡಬಾರದು. ದಿಣ್ಣೆ ಯಾರದೋ ರೈತಂದು. ಅವನಿಗೆ ತನ್ನ ಜಮೀನಿಗೆ ಏನು ಬಂತು ಅಂತ ಗೊತ್ತಾಗೋ ಮುಂಚೆ ನೀವು ಹೋಗಿ ಕೇಳಿದರೆ ಅದನ್ನ ಏನಂತಾರೆ? ಅವನೂ ಓದಲಿ, ನೀವೂ ಓದಿ. ಆಮೇಲೆ ಇಬ್ಬರೂ ಮಾತಾಡಿ."

"ಆಮೇಲೆ ನನ್ನ ಕೈಗೆ ಎಟುಕಲ್ಲ ಮೇಡಂ."

"ಎಟುಕಿದಷ್ಟು ತಗೊಳ್ಳಿ."

ಆ ಮಾತು ನನಗೆ ಎಷ್ಟು ದಿನ ಚುಚ್ಚಿತು ಅಂತ ಹೇಳಲಾರೆ. ಕಾದೆ. ಬ್ಲಾಕ್ ಆಫೀಸಿನ ಗೋಡೆಗೆ ನಕ್ಷೆ ಅಂಟಿಸಿದ ಮೇಲೆ ಬೆಲೆ ಏರಿತು. ನಾನು ಅಂದುಕೊಂಡಿದ್ದರ ಅರ್ಧದಷ್ಟು ಜಾಗ ಸಿಕ್ಕಿತು. ಎರಡು ಕೋಣೆ, ಒಂದು ಅಡುಗೆಮನೆ. ತುಳಸಿಕಟ್ಟೆಗೆ ಜಾಗ ಸಾಲದೆ ನಮ್ಮವಳು ತುಳಸಿಯನ್ನು ಡಾಲ್ಡಾ ಡಬ್ಬಿಯಲ್ಲಿ ಇಟ್ಟು, ಮೊದಲ ದಿನ ಪೂಜೆ ಮಾಡುತ್ತಾ "ನಿಮ್ಮ ಮೇಡಂ ಪ್ರಸಾದ ಇದು" ಅಂದಳು. ಕೊಂಕು ಮಾತೇ. ಆದರೆ ಗೃಹಪ್ರವೇಶಕ್ಕೆ ಅವರಿಗೆ ಮೊದಲು ಒಬ್ಬಟ್ಟು ಬಡಿಸಿದವಳೂ ಅವಳೇ.

ಆ ದಿನ ಎಲ್ಲರೂ ಮನೆಯೊಳಗೆ ನೋಡಿದರೆ ಮೇಡಂ ಒಂದು ಕೊಡ ನೀರು ಕೇಳಿದರು. ಹೊಸಿಲಿನ ಮುಂದೆ ಸುರಿದು, ಸೊಂಟಕ್ಕೆ ಕೈಯಿಟ್ಟು ನೋಡುತ್ತಾ ನಿಂತರು. ನೀರು ಅತ್ತಿತ್ತ ನೋಡದೆ ನೆಟ್ಟಗೆ ರಸ್ತೆ ಚರಂಡಿಗೆ ಇಳಿಯಿತು. "ಚೆನ್ನಾಗಿದೆ ಮನೆ" ಅಂದರು. ಅಷ್ಟೇ ಆಶೀರ್ವಾದ.

ನಾನು ರಿಟೈರ್ ಆದ ಮರುವರ್ಷ ಅವರೂ ಆದರು. ಮೈಸೂರಿಗೆ ಹೋದರು. ಯುಗಾದಿಗೆ, ದೀಪಾವಳಿಗೆ ಫೋನು. ಮಗನ ಮದುವೆ ಆಯಿತು ಅಂದೆ, ಹುಡುಗಿ ಹೇಗಿದ್ದಾಳೆ ಅಂತ ಕೇಳಿದರು. ಸೊಸೆ ಬಸುರಿ ಅಂದೆ. "ಮಗುವಿಗೆ ನಡೆಯೋಕೆ ಬಂದಾಗ ಹೇಳಿ, ಬಂದು ಶಾಲೆ ತನಕ ಕರ್ಕೊಂಡು ಹೋಗ್ತೀನಿ" ಅಂದರು. ಬರಲು ಆಗಲಿಲ್ಲ. ಮಗು ಹುಟ್ಟುವ ಮೊದಲೇ, ಒಂದು ಮಧ್ಯಾಹ್ನ ಅವರ ತಂಗಿ ಫೋನು ಮಾಡಿ ತಿಳಿಸಿದರು. ನಿದ್ದೆಯಲ್ಲೇ ಹೋದರಂತೆ. ನಮ್ಮವಳು ಆ ದಿನ ಒಲೆ ಹಚ್ಚಲಿಲ್ಲ.

ಈಗ ಮೊಮ್ಮಗಳು. ಇವಳಿಗೆ ಮೂರು ತುಂಬಿದೆ. ಅಜ್ಜಿ ಹತ್ತಿರ ಕನ್ನಡ, ಅಮ್ಮನ ಹತ್ತಿರ ಹಿಂದಿ, ನನ್ನ ಹತ್ತಿರ ಎರಡೂ ಸೇರಿಸಿ ಜಗಳ. ದಿಣ್ಣೆಯ ಮೇಲೆ ಬಂದ ಶಾಲೆಯ ಆವರಣದಲ್ಲೇ ಅಂಗನವಾಡಿ ಇದೆ. ನಮ್ಮ ಬಾಗಿಲಿನಿಂದ ಅಲ್ಲಿಗೆ ಇವಳೇ ನನ್ನ ಬೆರಳು ಹಿಡಿದು ಎಳೆದುಕೊಂಡು ಹೋಗುತ್ತಾಳೆ. ಶಾಲೆಗೆ ಅಂಟಿಕೊಂಡ ಮೈದಾನ ಇವಳ ರಾಜ್ಯ. ಅಲ್ಲಿ ಓಡುವುದನ್ನು ನೋಡಬೇಕು ನೀವು! ಬೀಳುತ್ತಾಳೆ, ಏಳುತ್ತಾಳೆ, ಹಿಂತಿರುಗಿ ನಾನು ನೋಡಿದೆನಾ ಅಂತ ನೋಡುತ್ತಾಳೆ. ನನಗೆ ಆ ಹೊತ್ತಿನಲ್ಲಿ ಬೇರೆ ಏನೂ ಬೇಡ.

ಹೋದ ವರ್ಷ ಹಳೇ ಪ್ಲ್ಯಾನನ್ನು ತಿದ್ದುವ ಕೆಲಸ ಶುರುವಾಯಿತು. ಈ ವರ್ಷ ಹೊಸ ಕರಡು ಬ್ಲಾಕ್ ಆಫೀಸಿನ ಗೋಡೆಗೆ ಬಂತು. ಹಾಲು ತರಲು ಹೋದವನು ನಿಂತು ನೋಡಿದೆ. ಮೈದಾನ ಹಸಿರಿರಲಿಲ್ಲ. ಅಂಗಡಿಗಳ ಬಣ್ಣ ಹಚ್ಚಿದ್ದರು. ಮೈದಾನ ಶಾಲೆಯ ಹೆಸರಿನಲ್ಲಿಲ್ಲ, ಪಂಚಾಯಿತಿ ಜಾಗ. ಖಾಲಿ ಅಂತ ಬರೆದಿತ್ತು. ಹಾಲಿನ ಕ್ಯಾನು ಅಲ್ಲೇ ಮರೆತು ಮನೆಗೆ ಬಂದೆ.

ತಕರಾರು ಕೇಳುವ ದಿನ ಮೊಮ್ಮಗಳನ್ನು ಎತ್ತಿಕೊಂಡೇ ಹೋದೆ. ಸಣ್ಣ ವಯಸ್ಸಿನ ಅಧಿಕಾರಿ, ಒಳ್ಳೆಯ ಮುಖ. ಆ ಕಡೆ ಈ ಕಡೆ ದೊಡ್ಡ ದೊಡ್ಡ ಜನ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಿದರು. ಆಮೇಲೆ ನನ್ನ ಸರದಿ ಬಂತು.

"ಸಾಹೇಬರೇ, ನಿಮ್ಮವರು ಮೈದಾನ ನೋಡಲು ಬಂದದ್ದು ಯಾವಾಗ?" ಅಂತ ಹಿಂದಿಯಲ್ಲಿ ಕೇಳಿದೆ.

ಅವರು ಪಕ್ಕದವರನ್ನು ಕೇಳಿ ಹೇಳಿದರು: "ಹೋದ ವರ್ಷ ಜೂನ್."

"ಜೂನಿನಲ್ಲಿ ಶಾಲೆಗೆ ರಜೆ. ಅದು ಖಾಲಿ ಇರುತ್ತೆ. ಜುಲೈನಲ್ಲಿ ಒಂದು ಸಲ ಬನ್ನಿ. ಇವಳು ಓಡೋದು ತೋರಿಸ್ತೀನಿ."

ಕೂತವರೆಲ್ಲ ನಕ್ಕರು. ಮೊಮ್ಮಗಳು ತನ್ನನ್ನೇ ಹೊಗಳಿದರು ಅಂದುಕೊಂಡು ಚಪ್ಪಾಳೆ ತಟ್ಟಿದಳು. ಹಿಂದಿನಿಂದ ಒಬ್ಬರು, ಇನ್ನೊಬ್ಬರು ಎದ್ದು ನಿಂತು, ನಮ್ಮ ಮಕ್ಕಳೂ ಅಲ್ಲೇ ಆಡುವುದು ಅಂದರು. ಅಧಿಕಾರಿ ಬರೆದುಕೊಂಡರು. "ನೀವು ಯಾವ ಇಲಾಖೇಲಿ ಇದ್ರಿ ಅಂಕಲ್?" ಅಂತ ಕೇಳಿದರು.

"ಜೀಪು ಓಡಿಸ್ತಿದ್ದೆ" ಅಂದೆ.

ಅವರು ಜುಲೈನಲ್ಲಿ ಬಂದರು. ಶಾಲೆ ಬಿಡುವ ಹೊತ್ತಿಗೆ ಬಂದು, ಬೇವಿನ ಮರದ ಕೆಳಗೆ ನಿಂತು, ಮಕ್ಕಳ ಗದ್ದಲ ನೋಡಿ ಹೋದರು. ನನ್ನನ್ನು ಮಾತಾಡಿಸಲಿಲ್ಲ, ಅದೂ ಸರಿಯೇ.

ಹೋದ ವಾರ ಮಂಜೂರಾದ ನಕ್ಷೆ ಗೋಡೆಗೆ ಬಂತು. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ಮೈದಾನ ಹಸಿರು. ಎರಡೆರಡು ಸಲ ಕನ್ನಡಕ ಒರೆಸಿ ನೋಡಿದೆ, ಹಸಿರೇ. ನನ್ನ ಬಾಯಿಂದ ಎಂಥದೋ ಕೂಗು ಹೊರಟಿತು, ಕಾವಲಿನವನು ಏನಾಯಿತೋ ಅಂತ "ಕ್ಯಾ ಹುವಾ ತಾಊ?" ಅನ್ನುತ್ತಾ ಓಡಿ ಬಂದ. ಅವನಿಗೂ ತೋರಿಸಿದೆ.

"ತಾತಾ, ಹಮಾರಾ ಘರ್ ಎಲ್ಲಿ?" ಅಂದಳು ಮೊಮ್ಮಗಳು.

ಅವಳ ಬೆರಳನ್ನು ಹಿಡಿದು ನಮ್ಮ ಮನೆಯಿರುವ ಹಳದಿಯ ಮೇಲೆ ಇಟ್ಟೆ. ಅಲ್ಲಿಂದ ಅವಳೇ ಬೆರಳು ಸರಿಸಿಕೊಂಡು ಹಸಿರಿಗೆ ಹೋದಳು, ಅಲ್ಲಿಂದ ತಿಳಿನೀಲಿಗೆ. ನಕ್ಷೆಯ ಕೆಳಗಿನ ಮೂಲೆಯಲ್ಲಿ ಈಗಿನ ಅಧಿಕಾರಿಗಳ ಸಹಿಗಳು ಸಾಲಾಗಿ ಇದ್ದವು. ನಮ್ಮ ಮೇಡಂ ಹೆಸರು ಅಲ್ಲಿರಲಿಲ್ಲ, ಇರುವ ಹಾಗೂ ಇಲ್ಲ. ನಾನು ಮಗುವಿನ ಬೆರಳು ಹೋದ ದಾರಿಯನ್ನು ಇನ್ನೊಂದು ಸಲ ನೋಡಿದೆ. ಹಳೇ ನಕ್ಷೆಯಲ್ಲಿ ಮೇಡಂ ಹಾಕಿದ್ದ ಜಾಗದಲ್ಲೇ ಮೂರು ಬಣ್ಣಗಳೂ ಇದ್ದವು.